ಬಾಕಿ ಇರುವುದು ಒಂದೇ ಎಪಿಸೋಡ್

ಪ್ರಶ್ನೆ: ನಾನು ಪ್ರತಿ ವಾರ ಕಾದು ನೋಡುವ ಒಂದು ಸೈ-ಫೈ ಸೀರೀಸ್ ಇದೆ. ಸೀಸನ್ ಮುಗಿಯೋಕೆ ಇನ್ನೊಂದೇ ಎಪಿಸೋಡ್ ಬಾಕಿ. ಮೊನ್ನೆ ಬಂದ ಕೊನೆಯ ಹಿಂದಿನ ಎಪಿಸೋಡ್ ನನಗೆ ತುಂಬಾ ಹಿಡಿಸಿತು. ನಿಧಾನವಾಗಿತ್ತು ನಿಜ, ಆದರೆ ಒಂದೆರಡು ಕಡೆ ಕಣ್ಣು ತುಂಬಿ ಬಂತು. ಆಮೇಲೆ ಬೇರೆಯವರ ಅಭಿಪ್ರಾಯ ಓದಿದೆ. ಅರ್ಧ ಜನ "ಇದುವರೆಗಿನ ಬೆಸ್ಟ್" ಅಂತಾರೆ. ಇನ್ನರ್ಧ ಜನ "ಒಂದು ಗಂಟೆಯಲ್ಲಿ ಏನೂ ಆಗಲಿಲ್ಲ, ಸುಮ್ನೆ ಎಳೆದಿದ್ದಾರೆ" ಅಂತ ಸಿಟ್ಟಾಗಿದ್ದಾರೆ. ಒಂದೇ ಎಪಿಸೋಡ್ ಬಗ್ಗೆ ಇಷ್ಟು ಬೇರೆ ಬೇರೆ ಮಾತು ಯಾಕೆ? ಫಿನಾಲೆ ಬರುವ ತನಕ ನಾನು ತೀರ್ಮಾನ ಮಾಡಬಾರದಾ? ಮತ್ತೆ, ಈ ಒಂದು ವಾರ, ಮುಂದೇನಾಗುತ್ತೆ ಅಂತ ಊಹಿಸುವ ಬೇರೆಯವರ ಥಿಯರಿಗಳನ್ನೆಲ್ಲ ಓದಬೇಕಾ, ಬಿಡಬೇಕಾ?

ಉತ್ತರ: ಕಣ್ಣು ತುಂಬಿ ಬಂದಿದ್ದು ನಿಜ ತಾನೆ? ಹಾಗಾದರೆ ಆ ಎಪಿಸೋಡ್ ನಿಮ್ಮನ್ನು ತಟ್ಟಿದೆ. ಮುಂದಿನ ವಾರ ಏನೇ ಆಗಲಿ, ಅದು ಸುಳ್ಳಾಗುವುದಿಲ್ಲ. ಅದಕ್ಕೆ ಯಾರ ಒಪ್ಪಿಗೆಯೂ ಬೇಕಾಗಿಲ್ಲ.

ಹಾಗಂತ ಸಿಟ್ಟಾದವರು ದಡ್ಡರು ಅಂತಲ್ಲ. ಅವರ ಸಿಟ್ಟಿಗೂ ಕಾರಣ ಇದೆ, ಮತ್ತು ಆ ಕಾರಣ ಬಹಳ ಸಲ ಎಪಿಸೋಡ್‌ನೊಳಗೆ ಇರುವುದಿಲ್ಲ. ಗಡಿಯಾರದಲ್ಲಿ ಇರುತ್ತದೆ. ನಿಮ್ಮ ಪತ್ರದಲ್ಲೇ ಒಂದು ಪದ ಬಂದಿದೆ: ಬಾಕಿ. ಇನ್ನೊಂದೇ ಎಪಿಸೋಡ್ ಬಾಕಿ ಎಂದು ಬರೆದಿದ್ದೀರಿ. ನಮ್ಮಲ್ಲಿ ಉಳಿದ ಸಮಯಕ್ಕೂ ಬಾಕಿ ಅಂತೀವಿ, ತೀರಿಸದ ಸಾಲಕ್ಕೂ ಬಾಕಿ ಅಂತೀವಿ. ಕೊನೆಯ ಹಿಂದಿನ ಎಪಿಸೋಡ್ ನೋಡುವಾಗ ನೋಡುಗರ ತಲೆಯಲ್ಲಿ ಓಡುವುದು ಈ ಎರಡು ಬಾಕಿಗಳ ಲೆಕ್ಕ. ಉಳಿದಿರುವುದು ಒಂದು ಗಂಟೆ. ಕಥೆ ಕೊಡಬೇಕಾದ ಉತ್ತರ ಏಳೆಂಟು. ಅಷ್ಟರಲ್ಲಿ ಇದೆಲ್ಲ ತೀರುತ್ತಾ?

ಈ ಲೆಕ್ಕ ಮೂರನೇ ಎಪಿಸೋಡ್‌ನಲ್ಲಿ ಯಾರೂ ಹಾಕುವುದಿಲ್ಲ. ಆಗ ಟೈಮ್ ಬೇಕಾದಷ್ಟಿದೆ ಅನ್ನಿಸುತ್ತದೆ. ಫಿನಾಲೆ ನೋಡುವಾಗ ಲೆಕ್ಕ ಹಾಕಿ ಪ್ರಯೋಜನ ಇಲ್ಲ. ಈ ಒಂದು ಎಪಿಸೋಡ್‌ನಲ್ಲಿ ಮಾತ್ರ, ತೆರೆ ಮೇಲಿನ ಒಂದೊಂದು ನಿಮಿಷವೂ ಖರ್ಚಾಗುತ್ತಿರುವ ದುಡ್ಡಿನ ಹಾಗೆ ಕಾಣುತ್ತದೆ. ಇಬ್ಬರು ಪಾತ್ರಧಾರಿಗಳು ಸುಮ್ಮನೆ ಕೂತು ಮಾತಾಡಿದರೆ ಒಬ್ಬ ನೋಡುಗನಿಗೆ ಎದೆ ತುಂಬುತ್ತದೆ. ಪಕ್ಕದವನಿಗೆ "ಅಯ್ಯೋ, ನಾಲ್ಕು ನಿಮಿಷ ಹೋಯ್ತು" ಅನ್ನಿಸುತ್ತದೆ. ಇಬ್ಬರೂ ನೋಡಿದ್ದು ಅದೇ ದೃಶ್ಯ. ಅವರವರು ಹೊತ್ತು ತಂದ ಬಾಕಿ ಮಾತ್ರ ಬೇರೆ. ಆ ಎರಡು ಪಾತ್ರ ಏನಾಗ್ತಾರೆ ಅಂತ ನೋಡಲು ಬಂದವರು ನೀವು. ಯಾವುದೋ ಯಂತ್ರವನ್ನು ಕಟ್ಟಿದ್ದು ಯಾರು, ಯಾವುದೋ ಸಿಗ್ನಲ್ ಎಲ್ಲಿಂದ ಬಂತು ಅಂತ ಕೇಳಲು ಬಂದವರು ಆ ಸಿಟ್ಟಾದವರು.

ಇದರ ದೊಡ್ಡ ಉದಾಹರಣೆ ಲಾಸ್ಟ್, ವಿಮಾನ ಬಿದ್ದು ಒಂದು ವಿಚಿತ್ರ ದ್ವೀಪದಲ್ಲಿ ಸಿಕ್ಕಿಕೊಂಡವರ ಸೀರೀಸ್. (ಇಲ್ಲಿಂದ ಮುಂದೆ ಕೆಲವು ಹಳೆಯ ಸೀರೀಸ್‌ಗಳ ಗುಟ್ಟು ಬಿಟ್ಟುಕೊಡುತ್ತೇನೆ. ಲಾಸ್ಟ್, ಆಂಡೋರ್, ಡಾಕ್ಟರ್ ಹೂ, ವಾಂಡಾವಿಷನ್, ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ ನೋಡದವರು ಹುಷಾರು.) 2010ರ ಮೇ 11ರಂದು ಲಾಸ್ಟ್‌ನ 'ಅಕ್ರಾಸ್ ದ ಸೀ' ಬಂತು. ಅದಾದ ಮೇಲೆ ಉಳಿದಿದ್ದು ಮೇ 18ರ ಒಂದು ಎಪಿಸೋಡ್, ಮೇ 23ರ ಫಿನಾಲೆ, ಅಷ್ಟೇ. ಆರು ವರ್ಷದಿಂದ ಜನ ಹಿಂಬಾಲಿಸಿಕೊಂಡು ಬಂದಿದ್ದ ವಿಮಾನದ ಪ್ರಯಾಣಿಕರಿಗೆ ಆ ಎಪಿಸೋಡ್‌ನ ಕಥೆಯಲ್ಲಿ ಜಾಗವೇ ಇರಲಿಲ್ಲ. ಬಹಳ ಹಿಂದಿನ ಕಾಲದ ಇಬ್ಬರು ಅಣ್ಣತಮ್ಮಂದಿರು, ಅವರನ್ನು ಸಾಕಿದ ಹೆಂಗಸು, ಬೆಳಕು ತುಂಬಿದ ಒಂದು ಗುಹೆ. ಅದೇ ಎಪಿಸೋಡ್ ಮೊದಲ ಸೀಸನ್‌ನಿಂದ ಕಾಡುತ್ತಿದ್ದ ಎರಡು ಅಸ್ಥಿಪಂಜರಗಳು ಯಾರವು ಅಂತಲೂ ಹೇಳಿತು. ಹೊಗೆಯ ರೂಪದ ಆ ರಾಕ್ಷಸ ಹೇಗೆ ಹುಟ್ಟಿತು ಅಂತಲೂ ತೋರಿಸಿತು. ಅಂದರೆ ಸಾಲ ತೀರಿಸುವ ಕೆಲಸವನ್ನೇ ಮಾಡಿತು. ಆದರೂ ನೋಡುಗರು ಎರಡು ಪಾಲಾದರು. ಒಂದು ಪಾಲಿಗೆ ಉತ್ತರ ಸಿಕ್ಕಿತು. ಇನ್ನೊಂದು ಪಾಲು "ಇಷ್ಟೇ ಹೊತ್ತು ಉಳಿದಿರುವಾಗ ನಮ್ಮವರನ್ನು ಬಿಟ್ಟು ಇದನ್ಯಾಕೆ ತೋರಿಸ್ತಿದ್ದೀರಿ" ಎಂದು ಕೇಳಿತು. ಇದೇ ಎಪಿಸೋಡ್ ಸೀಸನ್‌ನ ಮಧ್ಯದಲ್ಲಿ ಬಂದಿದ್ದರೆ ಈ ಎರಡನೇ ಮಾತು ಬರುತ್ತಲೇ ಇರಲಿಲ್ಲ ಅಂತ ನನ್ನ ಅನಿಸಿಕೆ.

ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ ಉದಾಹರಣೆ ಆಂಡೋರ್‌ನ ಮೊದಲ ಸೀಸನ್. ಸ್ಟಾರ್ ವಾರ್ಸ್ ಲೋಕದಲ್ಲಿ, ಕ್ರೂರ ಸಾಮ್ರಾಜ್ಯದ ವಿರುದ್ಧ ಬಂಡೇಳುವವರ ಕಥೆ ಅದು. ಇದರಲ್ಲಿ ನಾನೇ ತಪ್ಪು ಮಾಡಿದ್ದೇನೆ. ಒಟ್ಟು 12 ಎಪಿಸೋಡ್. ಹತ್ತನೆಯದು 2022ರ ನವೆಂಬರ್ 9ರಂದು ಬಂತು. ಸಾವಿರಾರು ಕೈದಿಗಳು ಜೈಲು ಒಡೆದು ಸಮುದ್ರಕ್ಕೆ ಹಾರುವ ಕಥೆ ಅದು. ನೋಡಿ ಮುಗಿಸಿದಾಗ ನನ್ನ ಕೈ ನಡುಗುತ್ತಿತ್ತು. ಒಂದು ವಾರ ಕಾದೆ. ಹನ್ನೊಂದನೆಯದರಲ್ಲಿ ಏನಿತ್ತು? ನಾಯಕ ಕ್ಯಾಸಿಯನ್‌ನನ್ನು ಸಾಕಿದ ತಾಯಿ ಮಾರ್ವಾ ತೀರಿಕೊಂಡಿದ್ದಾಳೆ. ಊರಿನವರು ಮುಂದಿನ ಕಾರ್ಯಕ್ಕೆ ಓಡಾಡುತ್ತಿದ್ದಾರೆ. ಕ್ಯಾಸಿಯನ್ ಎಲ್ಲೋ ದೂರದ ಗ್ರಹದಿಂದ ಫೋನ್ ಮಾಡಿ ಆ ಸುದ್ದಿ ಕೇಳುತ್ತಾನೆ, ಸಮುದ್ರದ ದಡದಲ್ಲಿ ನಿಲ್ಲುತ್ತಾನೆ. ನಡುವೆ ಆಕಾಶದಲ್ಲಿ ಒಂದು ಚುರುಕಾದ ಕಾಳಗ ಇದೆ, ಬಿಡಿ. ಉಳಿದದ್ದೆಲ್ಲ ಮೆಲ್ಲಗೆ ನಡೆಯುತ್ತದೆ. "ಜೈಲಿನ ಬಿಸಿ ಆರಿಹೋಯ್ತು, ಇದು ಬರೀ ಸೇತುವೆ" ಅಂತ ನಾನು ಅವತ್ತೇ ಗೆಳೆಯರಿಗೆ ಬರೆದು ಕಳಿಸಿಬಿಟ್ಟೆ.

ಆ ಎಪಿಸೋಡ್‌ನ ಒಂದು ದೃಶ್ಯವನ್ನು ಈಗ ಮತ್ತೆ ನೋಡಿ. ಮಾರ್ವಾಳ ಮನೆಯಲ್ಲಿ ಬೀ ಎನ್ನುವ ಹಳೆಯ ರೋಬೋಟ್ ಇದೆ. ಕೆಂಪು ಬಣ್ಣ ಅಲ್ಲಲ್ಲಿ ಉದುರಿದೆ. ಮಾತಾಡುವಾಗ ತೊದಲುತ್ತದೆ. ಅವಳು ಸತ್ತ ಮೇಲೆ ಅದು ಮನೆ ಬಿಟ್ಟು ಕದಲುವುದಿಲ್ಲ. ಅದಕ್ಕೆ ಮಾರ್ವಾನೇ ಬೇಕು. ಬ್ರಾಸೋ ಎಂಬ ಭಾರೀ ಆಳು ಅದರ ಹತ್ತಿರ ಬಂದು, ಮಗುವಿಗೆ ಹೇಳುವ ಹಾಗೆ ಸಮಾಧಾನ ಹೇಳುತ್ತಾನೆ. ಕೊನೆಗೆ ಆ ರಾತ್ರಿ ತಾನೂ ಅಲ್ಲೇ ಉಳಿಯಲು ಒಪ್ಪುತ್ತಾನೆ. ಅಷ್ಟೇ ದೃಶ್ಯ. ಕಥೆ ಒಂದು ಇಂಚೂ ಮುಂದೆ ಹೋಗಲಿಲ್ಲ ಎನ್ನುವವರಿಗೆ ಆವತ್ತು ಹೇಳುವುದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನವೆಂಬರ್ 23ರ ಫಿನಾಲೆಯಲ್ಲಿ ಮಾರ್ವಾಳ ಅಂತಿಮಯಾತ್ರೆ. ಅವಳು ಸಾಯುವ ಮುಂಚೆ ರೆಕಾರ್ಡ್ ಮಾಡಿಟ್ಟ ಮಾತು ಊರಿನ ನಡುಬೀದಿಯಲ್ಲಿ ಬೆಳಕಿನ ಬೊಂಬೆಯಾಗಿ ಎದ್ದು ನಿಲ್ಲುತ್ತದೆ. ಆ ಬೆಳಕನ್ನು ಬಿಡುತ್ತಿರುವುದು ಇದೇ ಬೀ. ಸಾಮ್ರಾಜ್ಯದ ಅಧಿಕಾರಿ ಬಂದು ಬೀಯನ್ನು ಉರುಳಿಸುತ್ತಾನೆ. ಊರು ಸಿಡಿದೇಳುತ್ತದೆ. ಮಾರ್ವಾಳ ಬೂದಿ ಬೆರೆಸಿ ಮಾಡಿದ ಇಟ್ಟಿಗೆಯನ್ನು ಎತ್ತಿ ಬೀಸುವವನು ಇದೇ ಬ್ರಾಸೋ. ಹಿಂದಿನ ವಾರ ಆ ರಾತ್ರಿ ಅವರಿಬ್ಬರನ್ನೂ ಹತ್ತಿರದಿಂದ ನೋಡಿರದಿದ್ದರೆ, ಒಂದು ರೋಬೋಟ್ ಮಗುಚಿ ಬಿದ್ದಿದ್ದಕ್ಕೆ ನನ್ನ ಎದೆ ಧಸಕ್ ಅನ್ನುತ್ತಿತ್ತಾ? ಖಂಡಿತ ಇಲ್ಲ. ಬೇಯುವ ತನಕ ಕಾದವನು ಆರುವ ತನಕ ಕಾಯಲಿಲ್ಲ ಅಂತಾರಲ್ಲ, ನಾನು ಮಾಡಿದ್ದು ಅದನ್ನೇ. ಹತ್ತು ಎಪಿಸೋಡ್ ನೋಡಿದವನು ಹನ್ನೊಂದನೆಯದಕ್ಕೆ ಅವಸರಪಟ್ಟೆ.

ನಿಧಾನವಾಗಿದ್ದದ್ದೆಲ್ಲ ಹೀಗೇ ಕೈಹಿಡಿಯುತ್ತದೆ ಅಂತ ಹೇಳಲಾರೆ. ಸುಮ್ನೆ ಎಳೆದ ಎಪಿಸೋಡ್‌ಗಳೂ ಬೇಕಾದಷ್ಟಿವೆ. ಗುರುತಿಸಲು ನಾನು ಒಂದೇ ಒಂದು ವಿಷಯ ನೋಡುತ್ತೇನೆ. ಆ ನಿಧಾನದ ದೃಶ್ಯದಲ್ಲಿ ನಮಗೆ ಮೊದಲೇ ಗೊತ್ತಿಲ್ಲದ್ದು ಏನಾದರೂ ಸಿಕ್ಕಿತಾ? ಒಂದು ಸಂಬಂಧ, ಒಂದು ಹಟ, ಒಂದು ವಸ್ತು, ಏನಾದರೂ ಸರಿ. ಸಿಕ್ಕಿದ್ದರೆ ಅದು ಮುಂದಿನ ವಾರಕ್ಕೆ ಕಟ್ಟಿಟ್ಟ ಬುತ್ತಿ. ಗೊತ್ತಿದ್ದದ್ದನ್ನೇ ಇನ್ನೊಮ್ಮೆ ಬಾಯಿಬಿಟ್ಟು ಹೇಳಿಸಿದ್ದರೆ, ಸಿಟ್ಟಾದವರ ಕಡೆಗೇ ನನ್ನ ವೋಟು.

ಇನ್ನು ಸೈ-ಫೈನಲ್ಲಿ ಮಾತ್ರ ಇರುವ ಒಂದು ತಕರಾರಿದೆ. ಮನೆಮಂದಿಯ ಕಥೆಯಲ್ಲಿ ಬಗೆಹರಿಯಬೇಕಾದ್ದು ಜನರ ನಡುವಿನ ಜಗಳ. ಸೈ-ಫೈನಲ್ಲಿ ಅದರ ಜೊತೆಗೆ ಆ ಲೋಕದ ನಿಯಮಗಳೂ ಇರುತ್ತವೆ. ಹಿಂದಿನ ಕಾಲಕ್ಕೆ ಹೋದರೆ ಏನಾಗುತ್ತದೆ, ಸತ್ತವರು ವಾಪಸ್ ಬರಬಹುದಾ, ಆ ಯಂತ್ರದ ಮಿತಿ ಏನು, ಹೀಗೆ. ಈ ನಿಯಮಗಳನ್ನು ನೋಡುಗರು ಬರಹಗಾರರಿಗಿಂತ ಜಾಸ್ತಿ ನೆನಪಿಟ್ಟುಕೊಂಡಿರುತ್ತಾರೆ. ಕೊನೆಯ ಹಿಂದಿನ ಎಪಿಸೋಡ್‌ನಲ್ಲಿ ಹೊಸ ನಿಯಮ ಒಂದು ದಿಢೀರ್ ಅಂತ ಕಾಣಿಸಿಕೊಂಡರೆ ಸಾಕು, "ಓಹೋ, ಮುಂದಿನ ವಾರ ಇದರಿಂದಲೇ ಎಲ್ಲರನ್ನೂ ಪಾರು ಮಾಡ್ತಾರೆ" ಅಂತ ಎಲ್ಲರಿಗೂ ಅನುಮಾನ ಬರುತ್ತದೆ. ನ್ಯಾಯವಾದ ಅನುಮಾನವೇ ಅದು.

ಡಾಕ್ಟರ್ ಹೂ ಸೀರೀಸ್‌ನಲ್ಲಿ ಇದು ಎಷ್ಟು ಚೆನ್ನಾಗಿ ನಡೆಯಿತು ನೋಡಿ. ಕಾಲದಲ್ಲಿ ಹಿಂದೆ ಮುಂದೆ ಪ್ರಯಾಣ ಮಾಡುವ ನಾಯಕ ಡಾಕ್ಟರ್ ಸಾಯುವ ಸ್ಥಿತಿಗೆ ಬಂದರೆ ಅವನ ದೇಹ ಬದಲಾಗಿ ಹೊಸ ಮುಖ ಬರುತ್ತದೆ, ಅಂದರೆ ಹೊಸ ನಟ ಬರುತ್ತಾನೆ. ಇದು ದಶಕಗಳ ಹಳೆಯ ನಿಯಮ. 2008ರ ಜೂನ್ 28ರಂದು 'ದ ಸ್ಟೋಲನ್ ಅರ್ಥ್' ಬಂತು, ಸೀಸನ್‌ನ ಕೊನೆಯ ಹಿಂದಿನ ಎಪಿಸೋಡ್. ಕತ್ತಲ ಬೀದಿ. ಎರಡು ಸೀಸನ್ ಹಿಂದೆ ದೂರವಾಗಿದ್ದ ಅವನ ಜೊತೆಗಾತಿ ರೋಸ್ ಆ ತುದಿಯಲ್ಲಿ ನಿಂತಿದ್ದಾಳೆ. ಇಬ್ಬರೂ ಒಬ್ಬರ ಕಡೆಗೆ ಒಬ್ಬರು ಓಡುತ್ತಾರೆ. ಪಕ್ಕದಿಂದ ಅವನ ಹಳೆಯ ವೈರಿಗಳಾದ ಡಾಲೆಕ್‌ಗಳಲ್ಲಿ ಒಂದು ಗುಂಡು ಹಾರಿಸುತ್ತದೆ. ಡಾಕ್ಟರ್ ಬೀಳುತ್ತಾನೆ. ಅವನನ್ನು ಅವನ ಕಾಲಯಾನದ ಹಡಗು ಟಾರ್ಡಿಸ್ ಒಳಗೆ ಎತ್ತಿಕೊಂಡು ಹೋಗುತ್ತಾರೆ. ಅವನ ಕೈಗಳಿಂದ, ಮುಖದಿಂದ ಚಿನ್ನದ ಬಣ್ಣದ ಬೆಳಕು ಉಕ್ಕುತ್ತದೆ. ಮುಂದುವರಿಯುವುದು, ಅಂತ ತೆರೆ ಮೇಲೆ ಬರುತ್ತದೆ. ಮುಂದಿನ ವಾರದ ಝಲಕ್ ಕೂಡ ತೋರಿಸಲಿಲ್ಲ.

ನಟ ಡೇವಿಡ್ ಟೆನಂಟ್ ಸೀರೀಸ್ ಬಿಡುತ್ತಾರೆ ಎಂಬ ಸುದ್ದಿ ಆಗಿನ್ನೂ ಹೊರಬಿದ್ದಿರಲಿಲ್ಲ. ಅದು ಗೊತ್ತಾಗಿದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಹಾಗಾಗಿ ಒಂದು ವಾರ ಪೂರ್ತಿ ಬ್ರಿಟನ್‌ನಲ್ಲಿ ಇದೇ ಮಾತು: ನಿಜವಾಗಲೂ ಹೊಸ ನಟ ಬರ್ತಾನಾ? 'ದ ಸ್ಟೋಲನ್ ಅರ್ಥ್' ನೋಡಿದವರು ಸುಮಾರು 88 ಲಕ್ಷ. ಜುಲೈ 5ರ ಫಿನಾಲೆ ನೋಡಿದವರು 1 ಕೋಟಿ 5 ಲಕ್ಷ ದಾಟಿದರು. ಆ ವಾರ ಬ್ರಿಟನ್‌ನಲ್ಲಿ ಅತಿ ಹೆಚ್ಚು ಜನ ನೋಡಿದ ಕಾರ್ಯಕ್ರಮ ಅದೇ. ಡಾಕ್ಟರ್ ಹೂಗೆ ಆ ಮೊದಲ ಸ್ಥಾನ ಸಿಕ್ಕಿದ್ದು ಅದೇ ಮೊದಲು. ನೋಡುಗರಿಗೆ ಎಷ್ಟು ಹಿಡಿಸಿತು ಅಂತ ನೂರಕ್ಕೆ ಅಳೆಯುವ ಒಂದು ಸೂಚ್ಯಂಕ ಅಲ್ಲಿದೆ. ಎರಡೂ ಎಪಿಸೋಡ್‌ಗೆ 91 ಬಂತು.

ಆದರೂ ಜಗಳ ತಪ್ಪಲಿಲ್ಲ. ಫಿನಾಲೆಯ ಮೊದಲ ನಿಮಿಷಗಳಲ್ಲೇ ಡಾಕ್ಟರ್ ಗಾಯವನ್ನು ವಾಸಿ ಮಾಡಿಕೊಂಡು, ಉಳಿದ ಶಕ್ತಿಯನ್ನು ಗಾಜಿನ ಜಾಡಿಯಲ್ಲಿದ್ದ ತನ್ನದೇ ಕತ್ತರಿಸಿದ ಕೈಗೆ ಹರಿಸಿಬಿಟ್ಟ. ಮುಖ ಬದಲಾಗಲೇ ಇಲ್ಲ. "ಒಂದು ವಾರ ನಮ್ಮ ನಿದ್ದೆ ಕೆಡಿಸಿ ಮೋಸ ಮಾಡಿದ್ರು" ಎನ್ನುವುದು ಒಂದು ಕಡೆಯವರ ಮಾತು. ಇನ್ನೊಂದು ಕಡೆಯವರು ಆ ಜಾಡಿಯನ್ನು ನೆನಪಿಸಿದರು. ಆ ಕೈ ಕತ್ತರಿಸಿ ಬಿದ್ದದ್ದು 2005ರ ಕ್ರಿಸ್‌ಮಸ್ ಎಪಿಸೋಡ್‌ನಲ್ಲಿ, ಕತ್ತಿಕಾಳಗದಲ್ಲಿ. 2007ರಲ್ಲಿ ಅದು ಮತ್ತೆ ಕಥೆಯೊಳಗೆ ಬಂತು. ಇದೇ ಸೀಸನ್‌ನಲ್ಲೂ ಟಾರ್ಡಿಸ್ ಒಳಗೆ ಗುಳುಗುಳು ಗುಳ್ಳೆ ಬಿಡುತ್ತಾ ಎಲ್ಲರ ಕಣ್ಣೆದುರೇ ಇತ್ತು. ನಾನು ಈ ಎರಡನೆಯವರ ಕಡೆ. ನಿಯಮವನ್ನು ಮುಂಚೆಯೇ ತೋರಿಸಿಟ್ಟು, ನಾವು ಮರೆತಿದ್ದಾಗ ಅದನ್ನು ಹೊರತೆಗೆದರೆ ಅದು ಮೋಸ ಅಲ್ಲ, ಅಲ್ವಾ? ನಿಮ್ಮ ಸೀರೀಸ್‌ನಲ್ಲೂ ಈ ವಾರ ಮಾಡಬಹುದಾದ ಒಳ್ಳೆಯ ಕೆಲಸ ಅಂದರೆ ಇದೇ. ಜಾಡಿ ಎಲ್ಲಿದೆ ಅಂತ ಹುಡುಕಿ.

ನೀವು ಓದಿದ ಅಭಿಪ್ರಾಯಗಳನ್ನು ಬರೆದವರು ಯಾರು ಅನ್ನುವುದನ್ನೂ ಸ್ವಲ್ಪ ಯೋಚಿಸಿ. ಬೇಜಾರಾದವರು ಮೂರನೆಯದೋ ನಾಲ್ಕನೆಯದೋ ಎಪಿಸೋಡ್‌ಗೇ ಬಿಟ್ಟು ಹೋಗಿರುತ್ತಾರೆ. ಇಲ್ಲಿಯವರೆಗೆ ಉಳಿದವರು ಕಥೆಯನ್ನು ಹಚ್ಚಿಕೊಂಡವರು. ಅವರಲ್ಲೂ ಅದೇ ರಾತ್ರಿ ಕೂತು ಬರೆಯುವವರು ಒಂದೋ ಕುಣಿದಾಡುವಷ್ಟು ಖುಷಿಯಾದವರು, ಇಲ್ಲವೇ ಉರಿದುಹೋದವರು. "ಪರವಾಗಿಲ್ಲ, ಚೆನ್ನಾಗಿತ್ತು" ಅನ್ನಿಸಿದವರು ಟಿವಿ ಆರಿಸಿ ಮಲಗುತ್ತಾರೆ. ಹಾಗಾಗಿ ನಿಮಗೆ ಕಂಡ ಅರ್ಧ-ಅರ್ಧ ಎಲ್ಲ ನೋಡುಗರ ಅರ್ಧ-ಅರ್ಧ ಅಲ್ಲ. ಅಷ್ಟು ಸಿಟ್ಟು ಬರಬೇಕಾದರೆ ಅಷ್ಟೇ ಪ್ರೀತಿ ಇರಬೇಕು ಅನ್ನುವುದು ಮಾತ್ರ ನಿಜ. ನನಗೆ ಆ ಸಿಟ್ಟಿನ ಬಗ್ಗೆ ಗೌರವ ಇದೆ.

ಥಿಯರಿಗಳ ವಿಷಯಕ್ಕೆ ಬರೋಣ. 2021ರಲ್ಲಿ ವಾಂಡಾವಿಷನ್ ಒಂಬತ್ತು ಎಪಿಸೋಡ್ ಓಡಿತು. ಮಾರ್ವೆಲ್ ಸಿನಿಮಾಗಳ ಸೂಪರ್‌ಹೀರೋ ವಾಂಡಾಳ ಕಥೆ ಅದು. ಎಂಟನೆಯದು ಫೆಬ್ರವರಿ 26ರಂದು ಬಂತು. ಅದು ಪೂರ್ತಿ ಹಿಂದಕ್ಕೆ ನೋಡುವ ಎಪಿಸೋಡ್, ವಾಂಡಾಳ ಬದುಕಿನ ಒಂದೊಂದು ಸಾವನ್ನೂ ಮತ್ತೆ ತೆರೆದು ತೋರಿಸಿತು. ಒಂದು ದೃಶ್ಯದಲ್ಲಿ, ಅಣ್ಣನನ್ನು ಕಳೆದುಕೊಂಡ ಅವಳು ಟಿವಿ ನೋಡುತ್ತಾ ಕೂತಿದ್ದಾಳೆ. ಯಂತ್ರಮಾನವ ವಿಷನ್ ಪಕ್ಕದಲ್ಲಿ ಕೂತು, ದುಃಖ ಅಂದರೆ ಪ್ರೀತಿ ಹಟ ಹಿಡಿದು ಉಳಿಯುವುದೇ ಅಲ್ಲವಾ ಅನ್ನುವ ಅರ್ಥದಲ್ಲಿ ಒಂದು ಮಾತು ಹೇಳುತ್ತಾನೆ. ಆ ಒಂದು ಮಾತು ಆ ವಾರ ಎಲ್ಲೆಲ್ಲೂ ಓಡಾಡಿತು. ಕೆಲವರು ಅತ್ತರು, ಕೆಲವರು ಇದೇನು ಮಹಾ ಅಂದರು.

ಅದೇ ಹೊತ್ತಿಗೆ ಇನ್ನೊಂದು ಗುಂಪು ಬೇರೆಯದೇ ಕಟ್ಟಿಕೊಂಡಿತ್ತು. ಈ ಎಲ್ಲದರ ಹಿಂದೆ ಮೆಫಿಸ್ಟೊ ಎಂಬ ಖಳ ಇದ್ದಾನೆ ಅಂತ ಕೆಲವರು. ಎಕ್ಸ್-ಮೆನ್ ಸಿನಿಮಾಗಳ ನಟ ಇವಾನ್ ಪೀಟರ್ಸ್ ವಾಂಡಾಳ ಅಣ್ಣನಾಗಿ ಬಂದಿದ್ದಾರೆ, ಹಾಗಾದರೆ ಆ ಸಿನಿಮಾಗಳ ಲೋಕ, ವಾಂಡಾಳ ಲೋಕ ಎರಡೂ ಒಂದಾಗ್ತಿದೆ ಅಂತ ಇನ್ನು ಕೆಲವರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಾಗಿತ್ತು. ಮಾರ್ಚ್ 5ರ ಫಿನಾಲೆಯಲ್ಲಿ ಮೆಫಿಸ್ಟೊ ಬರಲೇ ಇಲ್ಲ. ಆ ಅಣ್ಣ ಅದೇ ಊರಿನ ಸಾಮಾನ್ಯ ನಟನೊಬ್ಬ ಅಂತ ಗೊತ್ತಾಯಿತು. ತುಂಬಾ ಜನಕ್ಕೆ ನಿರಾಸೆ. ಆದರೆ ಆ ಬಾಕಿ ಕಥೆ ಮಾಡಿದ ಸಾಲ ಅಲ್ಲ, ನೋಡುಗರೇ ಕಥೆಯ ಹೆಸರಲ್ಲಿ ಬರೆದುಕೊಂಡ ಸಾಲ. ಆ ನಟನನ್ನೇ ಆರಿಸಿಕೊಂಡು ಆಸೆ ಹುಟ್ಟಿಸಿದ್ದರಲ್ಲಿ ತಂಡದ ಪಾಲೂ ಇದೆ, ಅದನ್ನು ಒಪ್ಪಲೇಬೇಕು. ಎಂಟನೇ ಎಪಿಸೋಡ್ ತಾನು ಯಾವ ಕಥೆ ಹೇಳುತ್ತಿದ್ದೇನೆ ಅಂತ ಸ್ಪಷ್ಟವಾಗಿ ಹೇಳಿತ್ತು: ಇದು ಸಾವಿನ ದುಃಖದ ಕಥೆ. ಅದನ್ನು ಕೇಳಿಸಿಕೊಂಡವರಿಗೆ ಫಿನಾಲೆ ಅಷ್ಟೊಂದು ನಿರಾಸೆ ಮಾಡಲಿಲ್ಲ.

ಫಿನಾಲೆ ಬರುವ ತನಕ ತೀರ್ಮಾನ ಮಾಡಬಾರದಾ ಅಂತ ಕೇಳಿದ್ದೀರಿ. ಮಾಡಿ. ಈಗಲೇ ಮಾಡಿ, ಬರೆದಿಡಿ. ಯಾಕೆಂದರೆ ಮುಂದಿನ ವಾರ ನಿಮ್ಮ ಈಗಿನ ಅನಿಸಿಕೆ ನಿಮಗೇ ಸಿಗುವುದಿಲ್ಲ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್‌ಮನ್ ಮತ್ತು ಜೊತೆಗಾರರು 1993ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಜನ ಒಂದು ಸಲ 14 ಡಿಗ್ರಿ ತಣ್ಣೀರಿನಲ್ಲಿ 60 ಸೆಕೆಂಡ್ ಕೈ ಇಟ್ಟರು. ಇನ್ನೊಂದು ಸಲ ಅದೇ 60 ಸೆಕೆಂಡ್, ಆಮೇಲೆ ಇನ್ನೂ 30 ಸೆಕೆಂಡ್. ಈ 30 ಸೆಕೆಂಡ್‌ನಲ್ಲಿ ನೀರನ್ನು ಮೆಲ್ಲಗೆ 15 ಡಿಗ್ರಿಗೆ ಏರಿಸಿದರು. ಮತ್ತೆ ಯಾವುದನ್ನು ಮಾಡ್ತೀರಿ ಅಂತ ಕೇಳಿದಾಗ ಹೆಚ್ಚಿನವರು ಆರಿಸಿಕೊಂಡಿದ್ದು ಎರಡನೆಯದನ್ನು. ಒಟ್ಟು ನೋವು ಜಾಸ್ತಿ, ಆದರೆ ಕೊನೆ ಸ್ವಲ್ಪ ಹಿತ. ನೆನಪಿನಲ್ಲಿ ಕೊನೆಗೆ ಇರುವ ತೂಕ ಅಷ್ಟು. ಫಿನಾಲೆ ಚೆನ್ನಾಗಿದ್ದರೆ ಈ ವಾರದ್ದೂ ಚೆನ್ನಾಗಿತ್ತು ಅಂತ ಅನ್ನಿಸುತ್ತದೆ. ಕೆಟ್ಟದಾಗಿದ್ದರೆ ನಿಮ್ಮ ಕಣ್ಣು ತುಂಬಿದ್ದೂ ಮರೆತುಹೋಗಬಹುದು.

ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ ಎಂಬ ಬಾಹ್ಯಾಕಾಶ ಯುದ್ಧದ ಸೀರೀಸ್‌ನಲ್ಲಿ ಇದು ನಡೆದೇ ಹೋಯಿತು. ಅದರ ಕೊನೆಯ ಕಥೆ 'ಡೇಬ್ರೇಕ್'ನ ಮೊದಲ ಭಾಗ 2009ರ ಮಾರ್ಚ್ 13ರಂದು, ಉಳಿದದ್ದು ಮಾರ್ಚ್ 20ರಂದು ಬಂತು. ಮೊದಲ ಭಾಗದಲ್ಲಿ ದೊಡ್ಡ ಕಾಳಗವೇ ಇಲ್ಲ. ಹಳೆಯ ದಿನಗಳ ತುಣುಕುಗಳಿವೆ, ಮನೆಯೊಳಗೆ ನುಗ್ಗಿದ ಒಂದು ಪಾರಿವಾಳ ಇದೆ. ಕೊನೆಯಲ್ಲಿ ಬಾಹ್ಯಾಕಾಶ ಹಡಗಿನ ಡೆಕ್ ಮೇಲೆ ಒಂದು ಕೆಂಪು ಗೆರೆ. ವಾಪಸ್ ಬರುವ ಭರವಸೆ ಇಲ್ಲದ ಕೆಲಸಕ್ಕೆ ಬರುವವರು ಗೆರೆಯ ಒಂದು ಕಡೆ, ಒಲ್ಲದವರು ಇನ್ನೊಂದು ಕಡೆ. ಜನ ಒಬ್ಬೊಬ್ಬರಾಗಿ ಗೆರೆ ದಾಟುತ್ತಾರೆ. ನನಗೆ ಆ ಇಡೀ ಸೀರೀಸ್‌ನಲ್ಲಿ ಅತಿ ಇಷ್ಟವಾದ ದೃಶ್ಯಗಳಲ್ಲಿ ಅದೂ ಒಂದು. ಆದರೆ ಮುಂದಿನ ವಾರದ ಮುಕ್ತಾಯದ ಬಗ್ಗೆ ಇವತ್ತಿಗೂ ವಾದ ನಡೆಯುತ್ತದೆ, ಆ ವಾದದ ಕೆಳಗೆ ಈ ಗೆರೆ ಹೂತುಹೋಗಿದೆ. ಈಗ ನೋಡುವವರು ಎಲ್ಲ ಭಾಗಗಳನ್ನೂ ಒಟ್ಟಿಗೆ ನೋಡಿಬಿಡುತ್ತಾರೆ. ಆ ಗೆರೆಯ ಮೇಲೆ ಒಂದು ವಾರ ನಿಂತ ಅನುಭವ ಅವರಿಗೆ ಸಿಗುವುದಿಲ್ಲ.

ಹಾಗೆ ನೋಡಿದರೆ ನೀವು ಅದೃಷ್ಟವಂತರು. ಆಂಡೋರ್‌ನದೇ ಎರಡನೇ ಸೀಸನ್ 2025ರಲ್ಲಿ ವಾರಕ್ಕೆ ಮೂರು ಎಪಿಸೋಡ್‌ನಂತೆ ಬಂತು, ಕೊನೆಯ ಮೂರೂ ಒಂದೇ ದಿನ. ಸ್ಟ್ರೇಂಜರ್ ಥಿಂಗ್ಸ್‌ನ ನಾಲ್ಕನೇ ಸೀಸನ್‌ನ ಕೊನೆಯ ಎರಡು ಎಪಿಸೋಡ್ 2022ರ ಜುಲೈ 1ರಂದು ಒಟ್ಟಿಗೆ ಬಂದವು. ಅಂಥ ಕಡೆ ಕೊನೆಯ ಹಿಂದಿನ ಎಪಿಸೋಡ್‌ಗೆ ಅಂತ ಬೇರೆ ಪ್ರತಿಕ್ರಿಯೆಯೇ ಹುಟ್ಟುವುದಿಲ್ಲ. ಮುಗಿದ ಹತ್ತು ಸೆಕೆಂಡ್‌ಗೆ ಮುಂದಿನದು ಶುರು.

ಕೊನೆಯದಾಗಿ, ಥಿಯರಿ ಓದಬೇಕಾ ಅನ್ನುವ ಪ್ರಶ್ನೆ. 2011ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೊನಾಥನ್ ಲೀವಿಟ್ ಮತ್ತು ನಿಕೋಲಸ್ ಕ್ರಿಸ್ಟನ್‌ಫೆಲ್ಡ್ ಸಣ್ಣಕಥೆಗಳನ್ನು ಇಟ್ಟುಕೊಂಡು ಪರೀಕ್ಷೆ ಮಾಡಿದರು. ಅಂತ್ಯ ಮೊದಲೇ ಗೊತ್ತಿದ್ದವರು ಕಥೆಯನ್ನು ಒಂದಿಷ್ಟು ಜಾಸ್ತಿಯೇ ಮೆಚ್ಚಿಕೊಂಡರು. ಆಮೇಲಿನ ಬೇರೆ ಅಧ್ಯಯನಗಳಲ್ಲಿ ಇದಕ್ಕೆ ಉಲ್ಟಾ ಫಲಿತಾಂಶವೂ ಬಂದಿದೆ. ಅಂತೂ ಗುಟ್ಟು ಗೊತ್ತಾದರೆ ಎಲ್ಲ ಹಾಳು ಅಂತ ಹೆದರಬೇಡಿ. ಥಿಯರಿ ಓದಿ, ಖುಷಿಪಡಿ. ಎರಡು ವಿಷಯ ಮಾತ್ರ ನೋಡಿಕೊಳ್ಳಿ. ಒಂದು, ಓದುವುದಕ್ಕೆ ಮುಂಚೆ ನಿಮ್ಮ ಅನಿಸಿಕೆಯನ್ನು ಐದಾರು ಸಾಲು ಬರೆದು ತಾರೀಖು ಹಾಕಿಡಿ. ಎಲ್ಲಿ ಕಣ್ಣು ತುಂಬಿತು, ಯಾವ ಪ್ರಶ್ನೆಗೆ ಉತ್ತರ ಬೇಕೇ ಬೇಕು, ಯಾವುದು ಬಾರದಿದ್ದರೂ ನಡೆಯುತ್ತದೆ, ಇಷ್ಟು ಇರಲಿ. ಎರಡು, ಮುಂದಿನ ವಾರದ ಝಲಕ್ ನೋಡಬೇಡಿ. ಥಿಯರಿ ಏನಿದ್ದರೂ ನಿಮ್ಮಂಥದೇ ನೋಡುಗರ ಊಹೆ, ತಪ್ಪಾಗಬಹುದು. ಝಲಕ್‌ನಲ್ಲಿ ಇರುವುದು ನಿಜವಾದ ದೃಶ್ಯಗಳು. ಯಾರು ಬದುಕಿದ್ದಾರೆ, ಯಾರು ಎಲ್ಲಿಗೆ ಹೋದರು ಅಂತ ಅರ್ಧ ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ. 2008ರಲ್ಲಿ ಡಾಕ್ಟರ್ ಹೂ ತಂಡ ಅದನ್ನು ತೋರಿಸಿಬಿಟ್ಟಿದ್ದರೆ ಆ ಒಂದು ವಾರದ ಮಾತುಕತೆ ಹುಟ್ಟುತ್ತಲೇ ಇರಲಿಲ್ಲ.